ಪಡೆದ ಸಾಲ, ಬದಲಾಗುವ ಷರತ್ತು: ಅಮೆರಿಕದ ೨೦೦೯ರ ಕ್ರೆಡಿಟ್ ಕಾರ್ಡು ಶಾಸನ

ಸಾಲಪತ್ರವನ್ನು ಬರೆದುಕೊಟ್ಟು ಹಣ ಪಡೆದವನಿಗೆ ಅಸಲೆಷ್ಟು, ಬಡ್ಡಿ ಎಷ್ಟು, ವಾಯಿದೆ ಎಂದಿಗೆ ಎಂಬ ಮೂರು ಸಂಗತಿಗಳೂ ರುಜು ಹಾಕಿದ ದಿನವೇ ತಿಳಿದಿರುವುವು. ಮರುವರ್ಷ ಸಾಹುಕಾರನು ಬಂದು, "ನೂರಕ್ಕೆ ಹನ್ನೆರಡೆಂದು ಬರೆದಿರುವುದನ್ನು ಇನ್ನು ಮೇಲೆ ಇಪ್ಪತ್ತೆಂಟೆಂದು ಓದಿಕೊಳ್ಳತಕ್ಕದ್ದು" ಎಂದರೆ ನ್ಯಾಯಸ್ಥಾನದ ಮಾತಿರಲಿ, ಊರಿನ ಪಂಚಾಯಿತಿಯೂ ಅದನ್ನು ಒಪ್ಪದು. ಆದರೂ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕ್ರೆಡಿಟ್ ಕಾರ್ಡಿನ ಸಾಲದ ವಿಷಯದಲ್ಲಿ ೨೦೧೦ರ ಫೆಬ್ರವರಿಯವರೆಗೆ ಇದಕ್ಕೆ ಸಮನಾದುದೇ ನಡೆಯುತ್ತಿತ್ತು. ಅದೂ ಕಾನೂನಿಗೆ ವಿರೋಧವಾಗಿ ಅಲ್ಲ, ಕಾನೂನಿನ ಆಶ್ರಯದಲ್ಲಿಯೇ. ಇದನ್ನು ತಡೆಯುವುದಕ್ಕಾಗಿ ಆ ದೇಶದ ಕಾಂಗ್ರೆಸ್ಸು ೨೦೦೯ರಲ್ಲಿ ಮಾಡಿದ ಶಾಸನದ ಸ್ವರೂಪವನ್ನೂ ಅದರ ಹಿಂದುಮುಂದನ್ನೂ ಈ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಬಡ್ಡಿಯನ್ನು ಕುರಿತ ಕಾನೂನುಗಳೆಲ್ಲ ಸಾಮಾನ್ಯವಾಗಿ ಅದರ ಪ್ರಮಾಣವನ್ನು ಹಿಡಿತದಲ್ಲಿಡಲು ಯತ್ನಿಸಿದುವು. ಒಮ್ಮೆಗೆ ವಸೂಲು ಮಾಡುವ ಬಡ್ಡಿಯು ಅಸಲನ್ನು ಮೀರಕೂಡದೆಂಬ ನಮ್ಮ ಧರ್ಮಶಾಸ್ತ್ರದ 'ದಾಮ್‌ದುಪಟ್' ನಿಯಮವೂ ಅಂಥದೇ. ೨೦೦೯ರ ಶಾಸನವು ಈ ದಾರಿಯನ್ನು ಹಿಡಿಯಲಿಲ್ಲ. ದರ ಎಷ್ಟಾದರೂ ಇರಲಿ, ಅದನ್ನು ಮೊದಲೇ ಹೇಳಬೇಕು. ಹೇಳಿದ ಮೇಲೆ, ಆ ದರವನ್ನು ನಂಬಿ ಆಗಲೇ ಮಾಡಿರುವ ಸಾಲದ ಮಟ್ಟಿಗಾದರೂ, ಆ ಮಾತು ನಿಲ್ಲಬೇಕು: ಇದು ಅದರ ತಿರುಳು. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಶಾಸನದ ಉಳಿದ ಕಲಮುಗಳ ಅರ್ಥವೂ, ಅದು ಕೈಬಿಟ್ಟ ವಿಷಯಗಳ ಅರ್ಥವೂ ಸುಲಭವಾಗಿ ಬಿಡಿಸಿಕೊಳ್ಳುತ್ತವೆ.

ಕ್ರೆಡಿಟ್ ಕಾರ್ಡಿನ ಖಾತೆಯು ಸಾಲಪತ್ರಕ್ಕಿಂತ ಬೇರೆ ಜಾತಿಯದು. ೧೯೫೮ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಎಂಬ ಬ್ಯಾಂಕು ಕ್ಯಾಲಿಫೋರ್ನಿಯದ ಫ್ರೆಸ್ನೊ ಪಟ್ಟಣದಲ್ಲಿ ತನ್ನ ಕಾರ್ಡನ್ನು ಮೊದಲು ಹಂಚಿತು. ಅಂಥ ಕಾರ್ಡಿನಲ್ಲಿ ಗ್ರಾಹಕನು ಒಂದೇ ಒಪ್ಪಂದದ ಕೆಳಗೆ ಮತ್ತೆ ಮತ್ತೆ ಸಾಲ ಮಾಡುವನು, ಮತ್ತೆ ಮತ್ತೆ ತೀರಿಸುವನು. ತಿಂಗಳ ಬಾಕಿಯನ್ನು ಪೂರ್ತಿ ಕಟ್ಟಬಹುದು. ಗೊತ್ತುಮಾಡಿದ ಕನಿಷ್ಠ ಕಂತನ್ನು ಮಾತ್ರ ಕಟ್ಟಿ ಉಳಿದುದನ್ನು ಮುಂದಕ್ಕೆ ಹೊತ್ತುಕೊಂಡು ಹೋಗಲೂಬಹುದು. ಇಂಥ ಕೊನೆಯಿಲ್ಲದ ಒಪ್ಪಂದದಲ್ಲಿ ಷರತ್ತುಗಳನ್ನು ಬದಲಾಯಿಸುವ ಅಧಿಕಾರ ತಮಗೆ ಇರಲೇಬೇಕೆಂದು ಬ್ಯಾಂಕುಗಳು ವಾದಿಸುತ್ತ ಬಂದುವು. ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಹತ್ತು ವರ್ಷಗಳ ಹಿಂದೆ ಉದ್ಯೋಗದಲ್ಲಿದ್ದವನು ಇಂದು ನಿರುದ್ಯೋಗಿಯಾಗಿರಬಹುದು. ಬ್ಯಾಂಕೇ ಹಣ ತರುವ ದರ ಏರಿರಬಹುದು. ನಾಳೆ ಕೊಡುವ ಸಾಲಕ್ಕೆ ನಾಳೆಯ ಬೆಲೆಯನ್ನು ಕೇಳುವುದು ಅನ್ಯಾಯವಲ್ಲ. ಆದರೆ ನಿನ್ನೆ ಕೊಟ್ಟು, ಗ್ರಾಹಕನು ಆಗಲೇ ವೆಚ್ಚ ಮಾಡಿಬಿಟ್ಟಿರುವ ಹಣಕ್ಕೆ ನಾಳೆಯ ಬೆಲೆಯನ್ನು ಕೇಳುವುದು ಬೇರೆ ಮಾತು. ಐದು ಸಾವಿರ ಡಾಲರು ಬಾಕಿಯುಳ್ಳವನಿಗೆ ದರವು ಶೇಕಡ ೧೨ರಿಂದ ೨೮ಕ್ಕೆ ಏರಿತೆನ್ನೋಣ. ವರ್ಷದ ಬಡ್ಡಿ ಸುಮಾರು ಆರುನೂರರಿಂದ ಸಾವಿರದ ನಾನೂರಕ್ಕೆ ಹೋಗುವುದು. ಒಪ್ಪಿಗೆಯಿಲ್ಲದಿದ್ದರೆ ಖಾತೆಯನ್ನು ಮುಚ್ಚಬಹುದು ಎಂಬ ಉತ್ತರ ಅವನಿಗೆ ಪ್ರಯೋಜನಕ್ಕೆ ಬಾರದು. ಮುಚ್ಚಬೇಕಾದರೆ ಐದು ಸಾವಿರವನ್ನೂ ಬೇರೆ ಕಡೆಯಿಂದ ತರಬೇಕು. ಅಷ್ಟು ಶಕ್ತಿಯಿದ್ದರೆ ಅವನು ಬಾಕಿಯನ್ನೇ ಇಟ್ಟುಕೊಳ್ಳುತ್ತಿರಲಿಲ್ಲ.

ಈ ವಿಷಯದಲ್ಲಿ ಅಮೆರಿಕದ ಮೊದಲ ಪ್ರಯತ್ನವು ಸತ್ಯಕಥನದ್ದು. ಇಲಿನಾಯ್ ರಾಜ್ಯದ ಸೆನೆಟರ್ ಪಾಲ್ ಡಗ್ಲಸ್ ೧೯೬೦ರಲ್ಲಿ ಮಸೂದೆಯೊಂದನ್ನು ತಂದನು. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಈತನ ಹೆಸರು ಹೊಸದಲ್ಲ. ಉತ್ಪಾದನೆಯ ಕಾಬ್-ಡಗ್ಲಸ್ ಸೂತ್ರದ ಡಗ್ಲಸ್ ಈತನೇ. ಸಾಲ ಕೊಡುವವರೆಲ್ಲರೂ ಬಡ್ಡಿಯ ವಾರ್ಷಿಕ ದರವನ್ನು ಒಂದೇ ರೀತಿಯಲ್ಲಿ ಲೆಕ್ಕಹಾಕಿ ತಿಳಿಸಬೇಕೆಂಬುದು ಅವನ ಆಶಯ. ೧೯೬೬ರ ಚುನಾವಣೆಯಲ್ಲಿ ಅವನು ಸೋತನು. ವಿಸ್ಕಾನ್ಸಿನ್ನಿನ ಸೆನೆಟರ್ ಪ್ರಾಕ್ಸ್‌ಮೈರ್ ಕೆಲಸವನ್ನು ಮುಂದುವರಿಸಲಾಗಿ ೧೯೬೮ರ ಮೇ ತಿಂಗಳಲ್ಲಿ ಅದು ಶಾಸನವಾಯಿತು. ಬೆಲೆಯನ್ನು ಸರಕಾರ ನಿಗದಿಮಾಡುವುದು ಬೇಡ, ಬೆಲೆಯ ಸತ್ಯವು ತಿಳಿದರೆ ಗ್ರಾಹಕನೇ ತೂಗಿ ನೋಡುವನು, ಎಂಬ ನಂಬಿಕೆ ಅದರ ಬುಡದಲ್ಲಿತ್ತು. ಸಾಲವನ್ನು ಆರಿಸಿಕೊಳ್ಳುವ ಹೊತ್ತಿನಲ್ಲಿ ಈ ನಂಬಿಕೆ ಸರಿಯಾದುದೇ. ಸಾಲ ಮಾಡಿ ಮುಗಿದ ಮೇಲೆ ದರ ಏರುವಾಗ ಅದರ ಬಲ ಕುಂದುವುದು. ೨೦೦೯ಕ್ಕೆ ಮುಂಚಿನ ನಿಯಮದಂತೆ ಷರತ್ತಿನ ಬದಲಾವಣೆಗೆ ಹದಿನೈದು ದಿನಗಳ ಸೂಚನೆ ಸಾಕಾಗಿತ್ತು. ಗ್ರಾಹಕನು ತಪ್ಪಿದನೆಂಬ ಕಾರಣದಿಂದ ದರ ಏರಿಸಿದಲ್ಲಿ ಅಷ್ಟು ಅವಧಿಯೂ ಬೇಕಿರಲಿಲ್ಲ. ಮುಂದೆ ಬರುವ ಹೊಡೆತವನ್ನು ಹದಿನೈದು ದಿನ ಮುಂಚೆ ತಿಳಿಸಿದರೆ ಹೊಡೆತವು ಮೆತ್ತಗಾಗುವುದೆ?

ಇತ್ತ ರಾಜ್ಯಗಳ ಬಡ್ಡಿಮಿತಿಯ ಕಾನೂನುಗಳು ಒಂದೊಂದಾಗಿ ಬಲಗೆಟ್ಟುವು. ಮಿನೆಸೋಟ ರಾಜ್ಯದಲ್ಲಿ ಮಿತಿಯು ಶೇಕಡ ೧೨. ನೆಬ್ರಾಸ್ಕದಲ್ಲಿ ೧೮ರವರೆಗೆ ಅವಕಾಶ. ನೆಬ್ರಾಸ್ಕದ ಬ್ಯಾಂಕೊಂದು ತನ್ನ ರಾಜ್ಯದ ದರವನ್ನು ಮಿನೆಸೋಟದ ಗ್ರಾಹಕರಿಂದ ವಸೂಲು ಮಾಡಬಹುದೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಮಾಡಬಹುದೆಂದು ೧೯೭೮ರಲ್ಲಿ ತೀರ್ಪಾಯಿತು. ಇದೇ ಮಾರ್ಕ್ವೆಟ್ ಮೊಕದ್ದಮೆ. ಫಲವನ್ನು ಊಹಿಸುವುದು ಕಷ್ಟವಲ್ಲ. ದಕ್ಷಿಣ ಡಕೋಟ ರಾಜ್ಯವು ೧೯೮೦ರಲ್ಲಿ ಮಿತಿಯನ್ನೇ ತೆಗೆದುಹಾಕಿತು. ನ್ಯೂಯಾರ್ಕಿನ ಸಿಟಿಬ್ಯಾಂಕು ತನ್ನ ಕಾರ್ಡಿನ ವ್ಯವಹಾರವನ್ನು ಮರುವರ್ಷ ಅಲ್ಲಿನ ಸೂ ಫಾಲ್ಸ್ ಪಟ್ಟಣಕ್ಕೆ ಸಾಗಿಸಿತು. ೧೯೮೧ರಲ್ಲಿಯೇ ಡೆಲವೇರ್ ರಾಜ್ಯವೂ ಬ್ಯಾಂಕುಗಳನ್ನು ಕರೆಯುವುದಕ್ಕಾಗಿ ಅಂಥದೇ ಕಾನೂನನ್ನು ಮಾಡಿತು. ತಡವಾದುದಕ್ಕೆ ಹಾಕುವ ದಂಡವೂ ಬಡ್ಡಿಯ ಒಂದು ರೂಪವೇ, ಆದುದರಿಂದ ಅದಕ್ಕೂ ಬ್ಯಾಂಕಿನ ಸ್ವರಾಜ್ಯದ ಕಾನೂನೇ ಅನ್ವಯಿಸುವುದು ಎಂದು ೧೯೯೬ರ ಸ್ಮೈಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾಂಗ್ರೆಸ್ಸಿನ ಲೆಕ್ಕಪರಿಶೋಧನ ಕಚೇರಿಯ ೨೦೦೬ರ ವರದಿಯಂತೆ ತಡದ ದಂಡದ ಸರಾಸರಿ ೧೯೯೫ರಲ್ಲಿ ಸುಮಾರು ೧೩ ಡಾಲರು ಇದ್ದದ್ದು ೨೦೦೫ರಲ್ಲಿ ೩೪ ಡಾಲರು ಆಗಿತ್ತು.

ದಂಡಕ್ಕಿಂತಲೂ ಗ್ರಾಹಕರನ್ನು ಕಂಗೆಡಿಸಿದುದು ದರದ ಏರಿಕೆ. ಬೇರೊಬ್ಬರಿಗೆ ಕೊಡಬೇಕಾದ ಕಂತು ತಡವಾಯಿತೆಂದು ಈ ಬ್ಯಾಂಕು ತನ್ನ ದರವನ್ನು ಏರಿಸುತ್ತಿತ್ತು. ಇದಕ್ಕೆ 'ಸಾರ್ವತ್ರಿಕ ತಪ್ಪು' ಎಂಬರ್ಥದ ಹೆಸರೇ ಬಿದ್ದಿತ್ತು. ಕಾರಣವನ್ನೇ ಹೇಳದೆ 'ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ' ಏರಿಸುವ ಹಕ್ಕನ್ನು ಕಾಯ್ದಿರಿಸಿಕೊಂಡ ಒಪ್ಪಂದಗಳೂ ಇದ್ದುವು. ಒಂದೇ ಖಾತೆಯಲ್ಲಿ ಎರಡು ದರಗಳ ಬಾಕಿಗಳಿದ್ದರೆ ಗ್ರಾಹಕನು ಕಟ್ಟಿದ ಹಣವನ್ನು ಕಡಮೆ ದರದ ಬಾಕಿಗೆ ಮೊದಲು ಜಮಾಮಾಡಿ ಹೆಚ್ಚು ದರದ್ದನ್ನು ಬೆಳೆಯಬಿಡುವುದು ಬಳಕೆಯಾಗಿತ್ತು. ಸೆನೆಟ್ಟಿನ ಉಪಸಮಿತಿಯೊಂದು ಕಾರ್ಲ್ ಲೆವಿನ್‌ನ ಅಧ್ಯಕ್ಷತೆಯಲ್ಲಿ ೨೦೦೭ರಲ್ಲಿ ನಡೆಸಿದ ವಿಚಾರಣೆಯಲ್ಲಿ ಒಬ್ಬ ಗ್ರಾಹಕನ ಲೆಕ್ಕ ಹೊರಬಂದಿತು. ಅದನ್ನು ಇಲ್ಲಿ ಬಿಡಿಸಿಡುವುದು ಪ್ರಯೋಜನಕರ. ಆತನು ಕಾರ್ಡಿನಲ್ಲಿ ವೆಚ್ಚ ಮಾಡಿದುದು ೩,೨೦೦ ಡಾಲರು; ಖಾತೆಯ ಮಿತಿ ೩,೦೦೦. ಮೀರಿದ್ದು ಇನ್ನೂರೇ ಆದರೂ ಮಿತಿ ಮೀರಿದ ದಂಡವು ಅವನಿಗೆ ೪೭ ಬಾರಿ ಬಿದ್ದು ಸುಮಾರು ೧,೫೦೦ ಡಾಲರಾಯಿತು, ತಡದ ದಂಡ ೧,೧೦೦, ಬಡ್ಡಿ ೪,೯೦೦. ಆರು ವರ್ಷಗಳಲ್ಲಿ ೬,೩೦೦ ಡಾಲರನ್ನು ಕಟ್ಟಿಯೂ ಅವನ ಹೆಸರಿನಲ್ಲಿ ಇನ್ನೂ ೪,೪೦೦ ಉಳಿದಿತ್ತು. ಅಸಲಿನ ಎರಡರಷ್ಟನ್ನು ಕಟ್ಟಿದವನ ಬಾಕಿಯು ಅಸಲಿಗಿಂತ ದೊಡ್ಡದಾಗಿ ನಿಂತಿತು.

ಈ ವಿಚಾರಣೆಗಳಿಂದ ಶಾಸನದ ಮಾತು ಗಟ್ಟಿಯಾಯಿತು. ನ್ಯೂಯಾರ್ಕಿನ ಪ್ರತಿನಿಧಿ ಕ್ಯಾರೊಲಿನ್ ಮಲೋನಿ ತಂದ 'ಕಾರ್ಡುದಾರರ ಹಕ್ಕುಪತ್ರ' ಮಸೂದೆಯು ಪ್ರತಿನಿಧಿ ಸಭೆಯಲ್ಲಿ ೨೦೦೮ರ ಸೆಪ್ಟೆಂಬರ್ ೨೩ರಂದು ೩೧೨ಕ್ಕೆ ೧೧೨ ಮತಗಳಿಂದ ಅಂಗೀಕೃತವಾಯಿತು, ಸೆನೆಟ್ಟಿನಲ್ಲಿ ಮುಂದುವರಿಯಲಿಲ್ಲ. ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಅದೇ ವರ್ಷ ತನ್ನದೇ ನಿಯಮಗಳ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಿದಾಗ ಅರುವತ್ತು ಸಾವಿರಕ್ಕೂ ಹೆಚ್ಚು ಪತ್ರಗಳು ಬಂದುವು. ಡಿಸೆಂಬರಿನಲ್ಲಿ ನಿಯಮಗಳು ಸಿದ್ಧವಾದರೂ ಜಾರಿಗೆ ಬರುವ ದಿನವನ್ನು ೨೦೧೦ರ ಜುಲೈ ೧ ಎಂದು ಗೊತ್ತುಮಾಡಲಾಯಿತು: ಒಂದೂವರೆ ವರ್ಷದ ಬಿಡುವು. ಆ ಹೊತ್ತಿಗೆ ಆರ್ಥಿಕ ಕುಸಿತ ಬಂದಿತ್ತು. ಜನರು ಉದ್ಯೋಗ ಕಳೆದುಕೊಳ್ಳುತ್ತಿದ್ದರು. ಸರಕಾರದ ಹಣದಿಂದ ಉಳಿದ ಬ್ಯಾಂಕುಗಳೇ ದರವನ್ನು ಏರಿಸುತ್ತಿವೆಯೆಂಬ ಕೋಪವೂ ಇತ್ತು. ಮಲೋನಿಯ ಮಸೂದೆ ಮರಳಿ ಬಂದಿತು. ೨೦೦೯ರ ಏಪ್ರಿಲ್ ೩೦ರಂದು ಪ್ರತಿನಿಧಿ ಸಭೆಯು ೩೫೭-೭೦ರಂತೆಯೂ, ಸೆನೆಟರ್ ಕ್ರಿಸ್ಟೊಫರ್ ಡಾಡ್‌ನ ಮುಂದಾಳುತನದಲ್ಲಿ ತಿದ್ದಿದ ರೂಪವನ್ನು ಮೇ ೧೯ರಂದು ಸೆನೆಟ್ಟು ೯೦-೫ರಂತೆಯೂ ಒಪ್ಪಿದುವು. ಮೇ ೨೨ರಂದು ಅಧ್ಯಕ್ಷ ಒಬಾಮ ರುಜು ಹಾಕಿದನು. (ರಾಷ್ಟ್ರೀಯ ಉದ್ಯಾನಗಳಿಗೆ ಬಂದೂಕು ಒಯ್ಯಬಹುದೆಂಬ ಕಲಮೊಂದೂ ಇದೇ ಶಾಸನದ ಬೆನ್ನೇರಿ ಬಂದಿತು; ಅಮೆರಿಕದ ಶಾಸನಪದ್ಧತಿಯಲ್ಲಿ ಇಂಥ ಸಹಪ್ರಯಾಣ ಅಪರೂಪವಲ್ಲ.)

ಶಾಸನದ ಹೃದಯವೆಂದರೆ ಹಳೆಯ ಬಾಕಿಗೂ ಹೊಸ ಖರೀದಿಗೂ ನಡುವೆ ಅದು ಎಳೆದ ಗೆರೆ. ಆಗಲೇ ಇರುವ ಬಾಕಿಯ ಮೇಲೆ ದರವನ್ನು ಏರಿಸಕೂಡದು. ಮುಂದಿನ ಖರೀದಿಗಳ ಮೇಲೆ ಏರಿಸಬಹುದು. ಆದರೆ ಖಾತೆ ತೆರೆದ ಮೊದಲ ವರ್ಷದಲ್ಲಿ ಅಲ್ಲ, ಮತ್ತು ನಲವತ್ತೈದು ದಿನಗಳ ಸೂಚನೆಯಿಲ್ಲದೆ ಅಲ್ಲ. ಮುಖ್ಯವಾದ ಇತರ ಬದಲಾವಣೆಗಳನ್ನು ನಿರಾಕರಿಸಿ ಖಾತೆಯನ್ನು ಮುಚ್ಚುವ ಹಕ್ಕು ಗ್ರಾಹಕನಿಗೆ ಉಂಟು. ಹಾಗೆ ಮುಚ್ಚಿದ ಮಾತ್ರಕ್ಕೆ ಬಾಕಿಯನ್ನೆಲ್ಲ ಒಮ್ಮೆಗೇ ತಗಾದೆ ಮಾಡುವಂತಿಲ್ಲ. ತೀರಿಸಲು ಐದು ವರ್ಷಗಳಿಗೆ ಕಡಮೆಯಿಲ್ಲದ ಅವಧಿಯನ್ನು ಕೊಡಬೇಕು, ಅಥವಾ ಕನಿಷ್ಠ ಕಂತಿನ ಪ್ರಮಾಣವನ್ನು ಎರಡರಷ್ಟಕ್ಕಿಂತ ಹೆಚ್ಚಿಸದೆ ಪಡೆಯಬೇಕು. ಖಾತೆಯನ್ನು ಮುಚ್ಚಬಹುದೆಂಬ ಹಳೆಯ ಪೊಳ್ಳು ಮಾತಿಗೆ ಅರ್ಥ ಬಂದುದು ಇಲ್ಲಿ. ಕನಿಷ್ಠ ಕಂತಿಗಿಂತ ಹೆಚ್ಚಾಗಿ ಕಟ್ಟಿದ ಹಣವು ಅತಿ ಹೆಚ್ಚು ದರದ ಬಾಕಿಗೆ ಮೊದಲು ಜಮೆಯಾಗತಕ್ಕದ್ದು. ಮಿತಿ ಮೀರಿದ ದಂಡವು ಗ್ರಾಹಕನು ಮೊದಲೇ ಸಮ್ಮತಿಸಿದ್ದರೆ ಮಾತ್ರ. ದಂಡಗಳು ತಪ್ಪಿಗೆ ತಕ್ಕಷ್ಟೇ ಇರತಕ್ಕದ್ದು. ಇಪ್ಪತ್ತೊಂದು ವರ್ಷ ತುಂಬದವರಿಗೆ ಸ್ವಂತ ವರಮಾನವಾಗಲಿ ಜೊತೆಗೆ ರುಜು ಹಾಕುವ ಹಿರಿಯರಾಗಲಿ ಇಲ್ಲದೆ ಕಾರ್ಡು ಕೊಡಕೂಡದೆಂಬುದೂ ಇದೆ.

ಗೆರೆಗೆ ವಿನಾಯಿತಿಗಳುಂಟು. ಗ್ರಾಹಕನು ಅರುವತ್ತು ದಿನಗಳ ಮೇಲೆಯೂ ಕನಿಷ್ಠ ಕಂತನ್ನು ಕಟ್ಟದಿದ್ದರೆ ಹಳೆಯ ಬಾಕಿಯ ದರವೂ ಏರಬಹುದು. ಆದರೆ ಏರಿಕೆಯ ನಂತರ ಆರು ತಿಂಗಳು ಸರಿಯಾಗಿ ಕಟ್ಟಿದನಾದರೆ ಅದನ್ನು ರದ್ದುಮಾಡಬೇಕು. ಆರಂಭದ ರಿಯಾಯಿತಿಯ ದರವು ಕನಿಷ್ಠ ಆರು ತಿಂಗಳು ನಡೆದು, ಮೊದಲೇ ಹೇಳಿದಂತೆ ಮುಗಿದರೆ ಅದು ಏರಿಕೆಯೆನಿಸದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಬ್ಯಾಂಕಿನ ವಶದಲ್ಲಿಲ್ಲದ ಸಾರ್ವಜನಿಕ ಸೂಚ್ಯಂಕಕ್ಕೆ ಕಟ್ಟಿದ ದರವಾದರೆ ಆ ಸೂಚ್ಯಂಕದೊಡನೆ ಹಳೆಯ ಬಾಕಿಯ ದರವೂ ಏರಬಹುದು. ಸ್ಥಿರ ದರದ ಕಾರ್ಡುಗಳನ್ನು ಬ್ಯಾಂಕುಗಳು ಈ ಬಗೆಗೆ ಮಾರ್ಪಡಿಸಿಕೊಂಡುದು ಸಹಜವೇ. ಅಮೆರಿಕದ ಬ್ಯಾಂಕುಗಳ ಮೂಲದರವು ೨೦೨೨ರ ಮಾರ್ಚಿನ ಆರಂಭದಲ್ಲಿ ಶೇಕಡ ೩.೨೫ ಇದ್ದದ್ದು ೨೦೨೩ರ ಜುಲೈ ಕೊನೆಯ ವೇಳೆಗೆ ೮.೫೦ ಆಯಿತು. ಹಳೆಯ ಬಾಕಿಯನ್ನು ಹೊತ್ತಿದ್ದ ಕೋಟ್ಯಂತರ ಗ್ರಾಹಕರ ದರವು ಹೀಗೆ ಐದು ಅಂಶಗಳಿಗೂ ಹೆಚ್ಚಾಗಿ, ಯಾವ ಸೂಚನೆಯ ಅಗತ್ಯವೂ ಇಲ್ಲದೆ, ಶಾಸನಕ್ಕೆ ಕಿಂಚಿತ್ತೂ ಭಂಗವಿಲ್ಲದೆ ಏರಿತು. ಇದು ಶಾಸನದ ವೈಫಲ್ಯವೆಂದು ನಮಗೆ ತೋರದು. ಅದು ತಡೆಯಹೊರಟುದು ಒಂದು ಪಕ್ಷದ ಸ್ವೇಚ್ಛೆಯನ್ನು, ಏರಿಕೆಯನ್ನಲ್ಲ. ಆದರೆ ಬಾಕಿ ಕಟ್ಟುವ ಕುಟುಂಬಕ್ಕೆ ಈ ಭೇದದಿಂದ ದೊರೆಯುವ ಸಮಾಧಾನ ಅಲ್ಪ.

ರುಜುವಾದ ದಿನಕ್ಕೂ ಜಾರಿಯಾದ ದಿನಕ್ಕೂ ನಡುವಿನ ಕಾಲವನ್ನು ಕುರಿತು ಸ್ವಲ್ಪ ಹೆಚ್ಚಾಗಿಯೇ ಹೇಳಬೇಕಾಗಿದೆ. ಶಾಸನ ರಚನೆಯನ್ನು ಅಭ್ಯಾಸ ಮಾಡುವವರು ಇದನ್ನು ಸಾಮಾನ್ಯವಾಗಿ ಹಾರಿಬಿಡುವರು. ನಲವತ್ತೈದು ದಿನಗಳ ಸೂಚನೆಯ ನಿಯಮವು ೨೦೦೯ರ ಆಗಸ್ಟ್ ೨೦ರಂದು ಜಾರಿಗೆ ಬಂದಿತು. ಹಳೆಯ ಬಾಕಿಯ ರಕ್ಷಣೆಯಾದರೋ ೨೦೧೦ರ ಫೆಬ್ರವರಿ ೨೨ರಂದು. ದಂಡಗಳ ನಿಯಮವು ಆಗಸ್ಟ್ ೨೨ರಂದು. ಲೆಕ್ಕಯಂತ್ರಗಳನ್ನೂ ನಮೂನೆಗಳನ್ನೂ ಮಾರ್ಪಡಿಸಲು ಕಾಲಾವಕಾಶ ಬೇಕೆಂಬುದು ಬ್ಯಾಂಕುಗಳ ಕೋರಿಕೆಯಾಗಿತ್ತು. ದೊರೆತ ಒಂಬತ್ತು ತಿಂಗಳುಗಳನ್ನು ಹಲವು ಬ್ಯಾಂಕುಗಳು ಬೇರೊಂದಕ್ಕೂ ಉಪಯೋಗಿಸಿಕೊಂಡುವು: ಬಾಗಿಲು ಮುಚ್ಚುವ ಮೊದಲೇ ದರಗಳನ್ನು ಏರಿಸಿದುವು, ಮಿತಿಗಳನ್ನು ಇಳಿಸಿದುವು. ಯಾರನ್ನು ಕಾಪಾಡಲು ಶಾಸನವಾಯಿತೋ ಅವರೇ ಶಾಸನವಾದ ಕಾರಣದಿಂದ ಕೆಲವು ತಿಂಗಳು ಹೆಚ್ಚು ಬವಣೆಪಟ್ಟರು. ಜಾರಿಯ ದಿನವನ್ನು ಡಿಸೆಂಬರ್ ೧ಕ್ಕೆ ಹಿಂದಕ್ಕೆ ತರುವ ಇನ್ನೊಂದು ಮಸೂದೆಯನ್ನು ಮಲೋನಿ ಮಂಡಿಸಿದಳು. ೨೦೦೯ರ ನವೆಂಬರ್ ೪ರಂದು ಪ್ರತಿನಿಧಿ ಸಭೆಯು ಅದನ್ನು ೩೩೧-೯೨ರಂತೆ ಒಪ್ಪಿತು, ಸೆನೆಟ್ಟು ಒಪ್ಪಲಿಲ್ಲ. ಮೂಲಶಾಸನದಲ್ಲಿಯೇ ಒಂದು ಸಣ್ಣ ಪರಿಹಾರವಿತ್ತು: ೨೦೦೯ರ ಜನವರಿ ೧ರ ತರುವಾಯ ದರ ಏರಿಸಿದ ಖಾತೆಗಳನ್ನು ಆರು ತಿಂಗಳಿಗೊಮ್ಮೆ ಪುನಃ ಪರಿಶೀಲಿಸಿ, ಏರಿಕೆಯ ಕಾರಣ ಹೋಗಿದ್ದರೆ ದರವನ್ನು ಇಳಿಸತಕ್ಕದ್ದು. ಇಳಿಸುವ ಪ್ರಮಾಣ ಮಾತ್ರ ಅಲ್ಲಿ ಗೊತ್ತುಮಾಡಿರಲಿಲ್ಲ. ಬೆಲೆಯನ್ನು ಹಿಡಿಯುವ ಶಾಸನದಲ್ಲಿ ಜಾರಿಯ ದಿನಾಂಕವು ಕೇವಲ ಆಡಳಿತದ ವಿವರವಲ್ಲವೆಂದು ನಮ್ಮ ಅಭಿಪ್ರಾಯ.

ಶಾಸನದಿಂದ ಆದುದೇನು? ಏರಿಸುವ ಸ್ವಾತಂತ್ರ್ಯ ಹೋದರೆ ಬ್ಯಾಂಕುಗಳು ಮೊದಲಿನಿಂದಲೇ ಹೆಚ್ಚು ದರ ಕೇಳುವುವು, ಬಡವರಿಗೆ ಕಾರ್ಡೇ ದೊರೆಯದು, ಎಂದು ವಿರೋಧಿಗಳು ಎಚ್ಚರಿಸಿದ್ದರು. ಅಗರ್‌ವಾಲ್, ಚೋಮ್‌ಸಿಸೆಂಗ್‌ಫೆಟ್, ಮಹೋನಿ, ಸ್ಟ್ರೋಬೆಲ್ ಎಂಬ ನಾಲ್ವರು ಅರ್ಥಶಾಸ್ತ್ರಜ್ಞರು ಸುಮಾರು ಹದಿನಾರು ಕೋಟಿ ಖಾತೆಗಳ ಅಂಕಿಅಂಶಗಳಿಂದ ಇದನ್ನು ಪರೀಕ್ಷಿಸಿ ೨೦೧೫ರಲ್ಲಿ ಪ್ರಕಟಿಸಿದರು. ಅವರ ವಿಧಾನ ಗಮನಾರ್ಹ. ಸಣ್ಣ ವ್ಯಾಪಾರಿಗಳಿಗೆ ಕೊಡುವ ಕಾರ್ಡುಗಳಿಗೆ ಶಾಸನವು ಅನ್ವಯಿಸುವುದಿಲ್ಲ. ಆದುದರಿಂದ ಅವು ಹೋಲಿಕೆಗೆ ದೊರೆತುವು. ದಂಡಶುಲ್ಕಗಳ ಇಳಿಕೆಯಿಂದ ಗ್ರಾಹಕರಿಗೆ ವರ್ಷಕ್ಕೆ ಸುಮಾರು ೧,೧೯೦ ಕೋಟಿ ಡಾಲರು ಉಳಿಯಿತೆಂದೂ, ಅದಕ್ಕೆ ಪ್ರತಿಯಾಗಿ ಬಡ್ಡಿ ಏರಿದುದಕ್ಕಾಗಲಿ ಸಾಲ ಕುಗ್ಗಿದುದಕ್ಕಾಗಲಿ ಸಾಕ್ಷ್ಯವಿಲ್ಲವೆಂದೂ ಅವರ ನಿರ್ಣಯ. ಉಳಿತಾಯದ ಬಹುಪಾಲು ಸಾಲಯೋಗ್ಯತೆ ಕಡಮೆಯುಳ್ಳವರಿಗೇ ಸೇರಿತು. ಮೂವತ್ತಾರು ತಿಂಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ ಎಷ್ಟು ಕಟ್ಟಬೇಕೆಂದು ಬಿಲ್ಲಿನಲ್ಲಿ ನಮೂದಿಸುವ ಕಲಮಿನ ಪರಿಣಾಮವೋ ಅತ್ಯಲ್ಪ. ಇನ್ನೂರು ಖಾತೆದಾರರಲ್ಲಿ ಒಬ್ಬನಷ್ಟು ಮಾತ್ರ ಆ ಮೊತ್ತಕ್ಕೆ ಹೊರಳಿದನು. ನಿಷೇಧಿಸಿದ ಕಲಮುಗಳು ಫಲಕೊಟ್ಟುವು, ತಿಳಿಸಿ ಹೇಳಿದ ಕಲಮು ಹೆಚ್ಚು ಕೊಡಲಿಲ್ಲ. ಡಗ್ಲಸನ ಮಾರ್ಗದ ಮಿತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಅಂಕಿಯನ್ನು ನಾವು ಕಂಡಿಲ್ಲ.

ಹೊರಗುಳಿದ ಸಂಗತಿಗಳಲ್ಲಿ ಮಿತಿಯನ್ನು ಇಳಿಸುವ ಅಧಿಕಾರ ಮುಖ್ಯವಾದುದು. ಬ್ಯಾಂಕು ಮಿತಿಯನ್ನು ತಗ್ಗಿಸಲು ನಲವತ್ತೈದು ದಿನ ಕಾಯಬೇಕಾಗಿಲ್ಲ. ತಗ್ಗಿಸಿದ ಮಿತಿಯನ್ನು ಮೀರಿದ್ದಕ್ಕೆ ದಂಡ ಹಾಕಬೇಕಾದರೆ ಮಾತ್ರ ಆ ಅವಧಿಯ ಸೂಚನೆ ಬೇಕು. ದಂಡದ ಪ್ರಮಾಣವೂ ವಿವಾದದಲ್ಲಿಯೇ ಉಳಿದಿದೆ. ಮೊದಲ ತಪ್ಪಿಗೆ ೨೫, ಮರಳಿ ತಪ್ಪಿದರೆ ೩೫ ಡಾಲರೆಂದು ೨೦೧೦ರಲ್ಲಿ ನಿಗದಿಯಾಗಿ ಬೆಲೆಗಳೊಡನೆ ಏರುತ್ತ ಬಂದ ತಡದ ದಂಡವನ್ನು, ದೊಡ್ಡ ಬ್ಯಾಂಕುಗಳ ಮಟ್ಟಿಗೆ ೮ ಡಾಲರಿಗೆ ಇಳಿಸಲು ಗ್ರಾಹಕ ಹಣಕಾಸು ರಕ್ಷಣಾ ಕಚೇರಿಯು ೨೦೨೪ರ ಮಾರ್ಚಿನಲ್ಲಿ ನಿಯಮ ಹೊರಡಿಸಿತು. ಟೆಕ್ಸಸ್ಸಿನ ಫೆಡರಲ್ ನ್ಯಾಯಾಲಯವು ಮೇ ತಿಂಗಳಲ್ಲಿ ಅದನ್ನು ತಡೆಹಿಡಿಯಿತು; ೨೦೨೫ರ ಏಪ್ರಿಲಿನಲ್ಲಿ, ಆಡಳಿತ ಬದಲಾದ ಮೇಲೆ ಕಚೇರಿಯೇ ಸಮ್ಮತಿಸಲಾಗಿ, ನಿಯಮವು ರದ್ದಾಯಿತು.

ನಮ್ಮ ದೇಶದಲ್ಲಿ ಈ ಕ್ಷೇತ್ರವನ್ನು ಆಳುವುದು ಸಂಸತ್ತಿನ ವಿಶೇಷ ಶಾಸನವಲ್ಲ, ರಿಸರ್ವ್ ಬ್ಯಾಂಕಿನ ನಿರ್ದೇಶನ. ಶುಲ್ಕಗಳ ಬದಲಾವಣೆಗೆ ಒಂದು ತಿಂಗಳ ಸೂಚನೆ ಕೊಡಬೇಕು, ಬದಲಾವಣೆ ಮುಂದಕ್ಕೆ ಮಾತ್ರ ಅನ್ವಯಿಸಬೇಕು, ಒಪ್ಪದವನು ಬಾಕಿ ತೀರಿಸಿ ಹೆಚ್ಚಿನ ಶುಲ್ಕವಿಲ್ಲದೆ ಕಾರ್ಡನ್ನು ಹಿಂದಿರುಗಿಸಬಹುದು ಎಂದು ಅದು ೨೦೨೨ರ ಏಪ್ರಿಲಿನಲ್ಲಿ ವಿಧಿಸಿತು. ಬಾಕಿ ತೀರಿಸಿ ಎಂಬ ಷರತ್ತನ್ನು ವಾಚಕರು ಗಮನಿಸಬೇಕು; ಅಮೆರಿಕದ ಶಾಸನವು ಐದು ವರ್ಷಗಳ ಅವಧಿಯಿಂದ ಬಿಡಿಸಲು ಯತ್ನಿಸಿದ ಗಂಟು ಇದೇ. ಬಡ್ಡಿಯ ಪ್ರಮಾಣದ ಪ್ರಶ್ನೆಯೂ ಇಲ್ಲಿ ಎದ್ದಿತ್ತು. ಶೇಕಡ ೩೦ನ್ನು ಮೀರಿದ ಬಡ್ಡಿಯು ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ಆಯೋಗವು ೨೦೦೮ರ ಜುಲೈಯಲ್ಲಿ ತೀರ್ಮಾನಿಸಿತು. ಸುಪ್ರೀಂ ಕೋರ್ಟು ೨೦೨೪ರ ಡಿಸೆಂಬರ್ ೨೦ರಂದು ಆ ತೀರ್ಮಾನವನ್ನು ತಳ್ಳಿಹಾಕಿತು. ಉಭಯ ಪಕ್ಷಗಳು ಒಪ್ಪಿದ ಕರಾರಿನ ಷರತ್ತುಗಳನ್ನು ತಿದ್ದಿ ಬರೆಯುವ ಅಧಿಕಾರ ಆಯೋಗಕ್ಕೆ ಇಲ್ಲವೆಂಬುದು ಅದು ಕೊಟ್ಟ ಕಾರಣಗಳಲ್ಲಿ ಒಂದು. ಅದೇ ಕರಾರಿನ ಷರತ್ತುಗಳನ್ನು ಒಂದು ಪಕ್ಷವು ತಾನೇ ತಿದ್ದಿ ಬರೆಯಬಹುದೆ, ಬರೆದರೆ ಹಳೆಯ ಬಾಕಿಗೆ ಅದು ತಗಲುವುದೆ ಎಂಬ ಪ್ರಶ್ನೆ ಆ ಮೊಕದ್ದಮೆಯಲ್ಲಿ ತೀರ್ಮಾನಕ್ಕೆ ಬರಲಿಲ್ಲ.